ಹೆಲ್ಸಿಂಕಿಯಿಂದ ಟೋಕಿಯೊಗೆ ಎಷ್ಟು ಗಂಟೆ?

ಎರಡು ವಿಮಾನ ನಿಲ್ದಾಣಗಳ ಹೆಸರು ಕೊಟ್ಟರೆ ಸಾಕು, ಅವುಗಳ ನಡುವಣ ದೂರವನ್ನೂ ಪ್ರಯಾಣದ ಅವಧಿಯನ್ನೂ ಗಣಕಯಂತ್ರ ಕ್ಷಣಾರ್ಧದಲ್ಲಿ ಹೇಳಿಬಿಡುತ್ತದೆ. ದೂರವನ್ನು ವೇಗದಿಂದ ಭಾಗಿಸಿದರೆ ಕಾಲ ಸಿಗುತ್ತದೆ ಎಂದು ನಾನೂ ವರ್ಷಗಟ್ಟಲೆ ಕರಿಹಲಗೆಯ ಮೇಲೆ ಬರೆದವನೇ. ಸೂತ್ರದಲ್ಲಿ ದೋಷವಿಲ್ಲ. ಆದರೆ ಆಕಾಶದಲ್ಲಿ ಭಾಜ್ಯವನ್ನು ನಿರ್ಧರಿಸುವವರು ದೊರೆಗಳು.

ಫಿನ್‌ಲೆಂಡಿನ ಹೆಲ್ಸಿಂಕಿಯನ್ನೂ ಜಪಾನಿನ ಟೋಕಿಯೊವನ್ನೂ ತೆಗೆದುಕೊಳ್ಳಿ. ಭೂಗೋಳದ ಗುಂಡಿನ ಮೇಲೆ ಇವೆರಡರ ನಡುವೆ ಒಂದು ದಾರವನ್ನು ಬಿಗಿಯಾಗಿ ಹಿಡಿದರೆ ಅದು ರಷ್ಯಾದ ಮೇಲೆಯೇ ಹಾಯುತ್ತದೆ. ದೂರ ಸುಮಾರು 7,800 ಕಿ.ಮೀ. ಈ ನೇರದಾರಿಯಲ್ಲಿ ಫಿನ್‌ಏರ್ ವಿಮಾನಗಳು ಒಂಬತ್ತೂವರೆ ಗಂಟೆಯ ಆಸುಪಾಸಿನಲ್ಲಿ ಟೋಕಿಯೊ ಸೇರುತ್ತಿದ್ದವು. ಆ ಪುಟ್ಟ ದೇಶದ ಸಂಸ್ಥೆಗೆ ಈ ಸಾಮೀಪ್ಯವೇ ಬಂಡವಾಳವಾಗಿತ್ತು.

2022ರ ಫೆಬ್ರುವರಿ 24ರಂದು ರಷ್ಯಾ ಉಕ್ರೇನಿನ ಮೇಲೆ ದಾಳಿ ಮಾಡಿತು. ಐರೋಪ್ಯ ಒಕ್ಕೂಟವು ರಷ್ಯಾದ ವಿಮಾನಗಳಿಗೆ ತನ್ನ ಆಕಾಶವನ್ನು ಮುಚ್ಚಿತು, ರಷ್ಯಾ ಅದಕ್ಕೆ ಅದೇ ರೀತಿಯಲ್ಲಿ ಉತ್ತರ ಕೊಟ್ಟಿತು. ಮಾರ್ಚಿನಲ್ಲಿ ಫಿನ್‌ಏರ್ ಮತ್ತೆ ಟೋಕಿಯೊಗೆ ಹೊರಟಾಗ ದಾರಿ ಉತ್ತರಧ್ರುವದ ಮೇಲಿತ್ತು: ಸುಮಾರು 13,000 ಕಿ.ಮೀ., ಸುಮಾರು 13 ಗಂಟೆ. ಧ್ರುವ ದಾಟಿದ ಪ್ರಯಾಣಿಕರಿಗೆ ಪ್ರಮಾಣಪತ್ರವನ್ನೂ ಹಂಚಿದರು. ಬಲವಂತದ ಸುತ್ತುದಾರಿಗೂ ಒಂದು ಪದವಿ!

ಇದಕ್ಕಿಂತ ಸ್ವಾರಸ್ಯದ, ನನಗೆ ವಿಷಾದವನ್ನೂ ತರುವ ಸಂಗತಿ ಬೇರೊಂದಿದೆ. ಸೋವಿಯತ್ ಆಕಾಶದ ಮೇಲೆ ಹಾರಲು ಅವಕಾಶವಿಲ್ಲದ ಕಾರಣ ಇದೇ ಸಂಸ್ಥೆ 1983ರಲ್ಲಿ ಡಿಸಿ-10 ವಿಮಾನದಲ್ಲಿ ಧ್ರುವ ಬಳಸಿಯೇ ಟೋಕಿಯೊಗೆ ನೇರ ಹಾರಾಟವನ್ನು ಆರಂಭಿಸಿತ್ತು. ಆಗಲೂ ಹಿಡಿಯುತ್ತಿದ್ದುದು ಸುಮಾರು 13 ಗಂಟೆ. ನಡುವಿನ 39 ವರ್ಷಗಳಲ್ಲಿ ಎಂಜಿನುಗಳು ಎಷ್ಟೋ ಸುಧಾರಿಸಿದವು. ಶೀತಲ ಸಮರ ಮುಗಿದು ಗಳಿಸಿದ್ದ ಮೂರೂವರೆ ಗಂಟೆಗಳು ಕೆಲವೇ ದಿನಗಳಲ್ಲಿ ಕರಗಿಹೋದವು.

ತನ್ನ ನೆಲದ ಮೇಲಿನ ಆಕಾಶಕ್ಕೆ ಆಯಾ ದೇಶವೇ ಒಡೆಯ ಎಂದು 1944ರ ಷಿಕಾಗೊ ಒಪ್ಪಂದ ಹೇಳುತ್ತದೆ. ಆ ಒಡೆತನವನ್ನು ನಾನು ಪ್ರಶ್ನಿಸುತ್ತಿಲ್ಲ. ದಾಳಿಯ ದಿನದಿಂದ ಉಕ್ರೇನಿನ ಆಕಾಶದಲ್ಲಿ ನಾಗರಿಕ ವಿಮಾನಗಳ ಸಂಚಾರವೇ ನಿಂತಿತು. ಅಲ್ಲಿನವರ ಸಂಕಟದ ಮುಂದೆ ನಮ್ಮ ಗಂಟೆಗಳ ಗೊಣಗಾಟ ಅತ್ಯಲ್ಪ. ಆದರೂ ಆಕಾಶವನ್ನು ಮುಯ್ಯಿಗೆ ಮುಯ್ಯಾಗಿ ಮುಚ್ಚಿದಾಗ ದಂಡ ತೆರುವವರು ಜಗಳಕ್ಕೆ ಸಂಬಂಧವೇ ಇಲ್ಲದ ಪ್ರಯಾಣಿಕರು ಎಂಬುದನ್ನು ಹೇಳಲೇಬೇಕು. ಹೆಚ್ಚುವರಿಯಾಗಿ ಉರಿದ ಇಂಧನದ ಹೊಗೆಯಂತೂ ಎಲ್ಲರ ಪಾಲಿಗೆ.

ನಮಗೂ ಇದರ ಬಿಸಿ ತಟ್ಟದೆ ಇರಲಿಲ್ಲ. 2025ರ ಏಪ್ರಿಲಿನಲ್ಲಿ, ಪಹಲ್ಗಾಮ್ ಹತ್ಯಾಕಾಂಡದ ಬಳಿಕ, ಪಾಕಿಸ್ತಾನವು ಭಾರತೀಯ ವಿಮಾನಗಳಿಗೆ ತನ್ನ ಆಕಾಶವನ್ನು ಮುಚ್ಚಿತು; ಕೆಲವೇ ದಿನಗಳಲ್ಲಿ ಭಾರತವೂ ಹಾಗೆಯೇ ಮಾಡಿತು. ದೆಹಲಿಯಿಂದ ಪಶ್ಚಿಮಕ್ಕೆ ಹೊರಟ ವಿಮಾನಗಳು ಅರಬ್ಬೀ ಸಮುದ್ರದ ಕಡೆಗೆ ಬಳಸಿ ಹೋದವು. ಅಮೆರಿಕೆಯ ಕೆಲವು ವಿಮಾನಗಳು ಇಂಧನಕ್ಕಾಗಿ ವಿಯೆನ್ನಾದಲ್ಲಿ ಇಳಿದವು. ಮಗಳ ಬಾಣಂತನಕ್ಕೆಂದು ಚಟ್ನಿಪುಡಿ ಕಟ್ಟಿಕೊಂಡು ದೆಹಲಿಯ ಮೂಲಕ ಹೊರಟ ನಮ್ಮೂರ ಕಡೆಯ ತಾಯಂದಿರೂ ಅಂಥ ವಿಮಾನಗಳಲ್ಲಿ ಇದ್ದಿರಬೇಕು.

ನನ್ನ ಕೋರಿಕೆ ಶಾಲೆಯ ಗೆಳೆಯರಲ್ಲಿ. ಗೋಡೆಯ ನಕ್ಷೆಯನ್ನು ಒಂದು ದಿನ ಸುತ್ತಿಟ್ಟು, ಮಕ್ಕಳ ಕೈಗೆ ಭೂಗೋಳದ ಗುಂಡನ್ನೂ ಗಜದುದ್ದ ದಾರವನ್ನೂ ಕೊಡಿ. ಹೆಲ್ಸಿಂಕಿಯಿಂದ ಟೋಕಿಯೊಗೆ ಮೊದಲು ನೇರವಾಗಿ ಅಳೆಯಲಿ. ಆಮೇಲೆ ರಷ್ಯಾವನ್ನು ಮುಟ್ಟದೆ ಅಳೆಯಲಿ.