ನಿರ್ಜನವೆಂಬ ನೆಪ

ಜನರಿಲ್ಲದ ನೆಲವನ್ನು ಹೇಗೆ ಬಳಸಿದರೂ ಕೇಳುವವರಿಲ್ಲ ಎಂಬ ಭಾವನೆ ಅಧಿಕಾರಸ್ಥರಲ್ಲಿ ಆಳವಾಗಿ ಬೇರೂರಿದೆ. ಪೆಸಿಫಿಕ್ ಸಾಗರದ ಜಾನ್‌ಸ್ಟನ್ ಹವಳದ್ವೀಪ ಈ ಭಾವನೆಗೆ ತೆತ್ತ ಬೆಲೆ ಸಣ್ಣದಲ್ಲ.

ಹವಾಯಿಯ ಹೊನಲುಲುವಿನಿಂದ ನೈಋತ್ಯಕ್ಕೆ ಸುಮಾರು 1,300 ಕಿ.ಮೀ. ದೂರದಲ್ಲಿರುವ ಈ ದ್ವೀಪವನ್ನು ಅಮೆರಿಕದ ಸರ್ಕಾರ 1926ರಲ್ಲಿಯೇ ಪಕ್ಷಿಧಾಮವೆಂದು ಘೋಷಿಸಿತು. ಆದರೆ ಮುಂದೆ ಅಲ್ಲಿ ನಡೆದುದೇನು? ಮಿಲಿಟರಿ ನೆಲೆ ಬಂತು. 1962ರಲ್ಲಿ ಪರಮಾಣು ಸಿಡಿತಲೆ ಹೊತ್ತ ಕ್ಷಿಪಣಿಯೊಂದು ಉಡಾವಣಾ ಕಟ್ಟೆಯಲ್ಲಿಯೇ ನಾಶವಾಗಿ ನೆಲಕ್ಕೆಲ್ಲ ಪ್ಲುಟೋನಿಯಂ ಚೆಲ್ಲಿತು. 1972ರಿಂದ 1977ರವರೆಗೆ ವಿಯೆಟ್ನಾಂ ಯುದ್ಧದಲ್ಲಿ ಉಳಿದ 'ಏಜೆಂಟ್ ಆರೆಂಜ್' ವಿಷದ ಪೀಪಾಯಿಗಳು ಅಲ್ಲಿದ್ದವು. 1990ರಿಂದ 2000ದವರೆಗೆ ರಾಸಾಯನಿಕ ಅಸ್ತ್ರಗಳನ್ನು ಅಲ್ಲಿ ಸುಡಲಾಯಿತು. 2004ರಲ್ಲಿ ಸೈನಿಕರು ಹೊರಟುಹೋದರು. ಪಕ್ಷಿಧಾಮವೆಂಬ ಹೆಸರು ಮಾತ್ರ ಎಲ್ಲ ಕಾಲದಲ್ಲೂ ಇತ್ತು!

2010ರಲ್ಲಿ ಹೊಸ ಆಪತ್ತು ಕಾಣಿಸಿತು. ಹಳದಿ ಹುಚ್ಚಿರುವೆ ಎನಿಸಿಕೊಳ್ಳುವ ಇರುವೆಗಳು ಮುತ್ತಿ, ನೆಲದ ಮೇಲೆ ಮೊಟ್ಟೆಯಿಟ್ಟು ಕುಳಿತ ಹಕ್ಕಿಗಳ ಮೇಲೆ ಫಾರ್ಮಿಕ್ ಆಮ್ಲ ಸಿಂಪಡಿಸಿ ಅವುಗಳ ಕಣ್ಣು ಕೆಡಿಸತೊಡಗಿದವು. ಆಗ ಹೋದವರು ಸ್ವಯಂಸೇವಕರು. ಬೆರಳೆಣಿಕೆಯಷ್ಟು ಜನರ ಒಂದೊಂದು ತಂಡ ತಿಂಗಳುಗಟ್ಟಲೆ ಅಲ್ಲಿಯೇ ತಂಗಿ, ಬಿಸಿಲಿನಲ್ಲಿ ಹೆಜ್ಜೆಹೆಜ್ಜೆಗೂ ವಿಷದ ಆಹಾರವಿಟ್ಟು ಇರುವೆಗಳನ್ನು ಹುಡುಕಿತು. ಒಂದು ತಂಡ ಹಿಂದಿರುಗಿದರೆ ಇನ್ನೊಂದು ಬಂತು. ಹನ್ನೊಂದು ವರ್ಷಗಳ ದುಡಿಮೆಯ ಅನಂತರ, 2021ರಲ್ಲಿ, ಇರುವೆ ನಿರ್ಮೂಲವಾಯಿತೆಂದು ಘೋಷಿಸಲಾಯಿತು. ಲೋಕದಲ್ಲಿ ತಿಳಿದಿರುವ ಕೆಂಪು ಬಾಲದ ಟ್ರಾಪಿಕ್ ಹಕ್ಕಿಗಳ ಅತಿ ದೊಡ್ಡ ನೆಲೆ ಇಂದು ಅದೇ ದ್ವೀಪ.

"ಹಸಿದ ಮನುಷ್ಯರಿರುವಾಗ ಇರುವೆ ಹುಡುಕುವುದು ಯಾವ ಸೇವೆ?" ಎಂದು ಕೇಳುವವರಿದ್ದಾರೆ. ಪ್ರಶ್ನೆ ಕರುಣೆಯ ವೇಷ ತೊಟ್ಟಿದೆ. ಆದರೆ ತಪ್ಪಾದ ಬಾಗಿಲನ್ನು ತಟ್ಟುತ್ತಿದೆ. ಬಡವನ ಅನ್ನ ಈ ಕೆಲವರ ಡೇರೆಯೊಳಗೆ ಸೇರಲಿಲ್ಲ. ಕ್ಷಿಪಣಿಗೂ ವಿಷಾನಿಲಕ್ಕೂ ಸುರಿದ ಹಣದ ಲೆಕ್ಕವನ್ನು ಮೊದಲು ಕೇಳೋಣ. ಮೇಲಾಗಿ ಆ ಇರುವೆ ಸಾಗರವನ್ನು ಈಜಿ ಬರುವಂಥದ್ದಲ್ಲ. ಮನುಷ್ಯನ ಹಡಗು, ಸರಕುಗಳೊಡನೆ ದ್ವೀಪದಿಂದ ದ್ವೀಪಕ್ಕೆ ಹರಡುವಂಥದ್ದು. ಮನುಷ್ಯನು ಮಾಡಿದ ಸಾಲವನ್ನು ಮನುಷ್ಯನೇ ತೀರಿಸುವುದು ದಾನವಲ್ಲ, ನ್ಯಾಯ.

ಇದಕ್ಕಿಂತ ಅಪಾಯಕಾರಿಯಾದ ಇನ್ನೊಂದು ವರ್ಗವಿದೆ. ಅವರು ಸ್ವಯಂಸೇವಕರನ್ನು ಹಾಡಿಹೊಗಳುತ್ತಾರೆ. ಹೊಗಳಿದ ಬಾಯಿ ಮುಚ್ಚುವ ಮೊದಲೇ ಗುಡಿಸಿದ ನೆಲದ ಮೇಲೆ ಕಣ್ಣು ಹಾಕುತ್ತಾರೆ. 2025ರ ಮಾರ್ಚ್‌ನಲ್ಲಿ ಅಮೆರಿಕದ ವಾಯುಪಡೆ, ಸರಕು ಸಾಗಿಸುವ ರಾಕೆಟ್‌ಗಳು ಇಳಿಯಲು ಎರಡು ಕಟ್ಟೆಗಳನ್ನು ಇದೇ ದ್ವೀಪದಲ್ಲಿ ನಿರ್ಮಿಸುವ ಯೋಜನೆಯನ್ನು ಪ್ರಕಟಿಸಿತು. ಪೆಸಿಫಿಕ್ ದ್ವೀಪಗಳ ಮೂಲನಿವಾಸಿಗಳೂ ಪಕ್ಷಿಪ್ರಿಯರೂ ಪ್ರತಿಭಟಿಸಿದರು. ಅದೇ ವರ್ಷದ ಜುಲೈಯಲ್ಲಿ ಯೋಜನೆಯನ್ನು ತಡೆಹಿಡಿದ ಸುದ್ದಿ ಬಂತು. ತಡೆಹಿಡಿಯುವುದೆಂದರೆ ಕೈಬಿಡುವುದಲ್ಲ ಎಂಬುದನ್ನು ನಾವು ಮರೆಯಬಾರದು.

ಸ್ವಯಂಸೇವೆ ಸರ್ಕಾರದ ಪೊರಕೆಯಲ್ಲ. ಒಬ್ಬರು ಗುಡಿಸುತ್ತಲೇ ಇರಬೇಕು, ಇನ್ನೊಬ್ಬರು ಚೆಲ್ಲುತ್ತಲೇ ಇರಬಹುದು ಎಂಬ ಒಪ್ಪಂದಕ್ಕೆ ಆ ಯುವಜನರು ಸಹಿ ಹಾಕಿರಲಿಲ್ಲ. ಅವರಿಗೆ ಸಲ್ಲಬೇಕಾದ ಗೌರವ ಪ್ರಶಸ್ತಿಪತ್ರವಲ್ಲ. ಅವರು ಕಾಪಾಡಿದ್ದನ್ನು ಮತ್ತೆ ಕೆಡಿಸದಿರುವ ಕಾನೂನು.

ಪ್ರಿಯ ಓದುಗರೇ, ನಮ್ಮ ಮನೆಯ ಮಕ್ಕಳು ಸೇವೆಗೆಂದು ಹೊರಟಾಗ ಅವರ ಬೆನ್ನು ತಟ್ಟಿದರೆ ನಮ್ಮ ಕರ್ತವ್ಯ ಮುಗಿಯಿತೇ? ಈ ಕಸ ಎಲ್ಲಿಂದ ಬಂತು, ಯಾರು ಚೆಲ್ಲಿದರು ಎಂದು ಕೇಳುವುದನ್ನೂ ಅವರಿಗೆ ಕಲಿಸೋಣ. ಸಾವಿರಾರು ಹಕ್ಕಿಗಳು ಗೂಡು ಕಟ್ಟಿರುವ ನೆಲವನ್ನು ನಿರ್ಜನವೆಂದು ಕರೆಯಬಹುದು. ಬರಿದು ಎಂದು ಕರೆಯುವ ಹಕ್ಕು ಯಾರಿಗೂ ಇಲ್ಲ.