ಕಾಂಕ್ರೀಟ್ ಬೀಳೋ ಮುಂಚೆ ಆ ಶೀಟನ್ನ ಯಾರು ನೋಡಿದ್ರು?



ಬರಹ ಉದ್ದ ಇದೆ. ಪೂರ್ತಿ ಓದಿ. ಓದದೇನೇ "ಸೂಪರ್ ಅಣ್ಣ" ಅಂತ ಕಮೆಂಟ್ ಹಾಕಬೇಡಿ.

ನಮ್ಮೂರಲ್ಲಿ ಪೌರಕಾರ್ಮಿಕ ಕುಟುಂಬಗಳಿಗೆ ಮನೆ ಕಟ್ಟುತ್ತಿದ್ದಾರೆ. ವರ್ಷಗಟ್ಟಲೆ ಅರ್ಜಿ ಕೊಟ್ಟು, ಧರಣಿ ಕೂತು ಪಡೆದ ಮನೆಗಳು, ಯಾರ ಭಿಕ್ಷೆಯೂ ಅಲ್ಲ. ಜಾಗ ಎಲ್ಲಿ ಕೊಟ್ಟಿದ್ದಾರೆ ಗೊತ್ತಾ? ಊರಿನ ಹಳೇ ಕಸದ ಗುಂಡಿ ಮೇಲೆ. ಇದೇ ಜನರ ಅಪ್ಪ ಅವ್ವಂದಿರು ತಳ್ಳುಗಾಡಿಯಲ್ಲಿ ತಂದು ಸುರಿದ ಕಸ ಅದು. ಊರವರ ಎಂಜಲು, ಆಸ್ಪತ್ರೆ ಬ್ಯಾಂಡೇಜು, ಸತ್ತ ನಾಯಿ ಎಲ್ಲಾ ಅದರಲ್ಲಿದೆ. ಅದರ ಮೇಲೆ ಎರಡಡಿ ಕೆಮ್ಮಣ್ಣು ಹರಡಿ "ನಿವೇಶನ" ಅಂತ ಬೋರ್ಡು ನೆಟ್ಟಿದ್ದಾರೆ.

ಮಣ್ಣು ಮುಚ್ಚಿದ ಮಾತ್ರಕ್ಕೆ ಕಸ ಸುಮ್ಮನಾಗಲ್ಲ. ಗಾಳಿಯಿಲ್ಲದ ಕತ್ತಲಲ್ಲಿ ಹತ್ತಾರು ವರ್ಷ ಕೊಳೀತಾನೇ ಇರುತ್ತೆ. ಮೀಥೇನ್ ಬರುತ್ತೆ, ಕಾರ್ಬನ್ ಡೈಆಕ್ಸೈಡ್ ಬರುತ್ತೆ, ಹೈಡ್ರೋಜನ್ ಸಲ್ಫೈಡ್ ಬರುತ್ತೆ. ಮೀಥೇನ್‌ಗೆ ವಾಸನೆಯೇ ಇಲ್ಲ. ಗಾಳಿಯಲ್ಲಿ ಅದು ನೂರಕ್ಕೆ 5ರಿಂದ 15 ಪಾಲು ಸೇರಿದರೆ ಒಂದು ಬೆಂಕಿಕಡ್ಡಿ ಸಾಕು, ಸ್ಫೋಟ. ಹೈಡ್ರೋಜನ್ ಸಲ್ಫೈಡ್ ಬಗ್ಗೆ ನಮ್ಮವರಿಗೆ ಪಾಠ ಬೇಕಿಲ್ಲ. ಮೊದಲು ಕೊಳೆತ ಮೊಟ್ಟೆ ವಾಸನೆ, ಜಾಸ್ತಿಯಾದರೆ ಮೂಗೇ ಸತ್ತುಹೋಗುತ್ತೆ, ಆಮೇಲೆ ಮನುಷ್ಯ. ಮ್ಯಾನ್‌ಹೋಲ್‌ನಲ್ಲಿ ನಮ್ಮ ಹುಡುಗರನ್ನ ತಿಂದ ಗಾಳಿ ಇದೇ. ಅಲ್ಲಿ ಸತ್ತರೆ ಲೆಕ್ಕಕ್ಕಾದರೂ ಕಾನೂನಿದೆ. 2013ರ ಕಾಯ್ದೆ ಇದೆ, 30 ಲಕ್ಷ ಪರಿಹಾರ ಕೊಡಿ ಅಂತ 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅದೇ ಗಾಳಿ ಮಲಗೋ ಕೋಣೆಗೆ ಬಂದರೆ?

ಬರುತ್ತೆ. ಇಂಗ್ಲೆಂಡಿನ ಡರ್ಬಿಶೈರ್‌ನಲ್ಲಿ ಲೊಸ್ಕೊ ಅಂತ ಒಂದು ಹಳ್ಳಿ. 1986ರ ಮಾರ್ಚ್ 24ರ ಬೆಳಗ್ಗೆ ಅಲ್ಲೊಂದು ಮನೆ ಸ್ಫೋಟಿಸಿ ನೆಲಸಮ ಆಯ್ತು. ಒಳಗಿದ್ದ ಮೂರು ಜನರಿಗೆ ತೀವ್ರ ಗಾಯ. ಆ ಮನೆ ಕಸದ ಗುಂಡಿ ಮೇಲೂ ಇರಲಿಲ್ಲ, ಹತ್ತಿರದಲ್ಲಿತ್ತು ಅಷ್ಟೇ. ಅವತ್ತು ವಾತಾವರಣದ ಒತ್ತಡ ಕೆಲವೇ ಗಂಟೆಗಳಲ್ಲಿ ದಿಢೀರ್ ಕುಸಿದಿತ್ತು. ಮೇಲಿನ ಒತ್ತಡ ಕಮ್ಮಿಯಾಗಿದ್ದಕ್ಕೆ ಕೆಳಗಿನ ಗ್ಯಾಸ್ ಬಂಡೆಯ ಬಿರುಕು ಹಿಡಿದು ಮನೆಯಡಿಗೆ ಬಂದಿತ್ತು. ಮಳೆ ಬರೋ ಮುಂಚೆ ಚರಂಡಿ ಜಾಸ್ತಿ ನಾರುತ್ತೆ ಅಂತ ನಮ್ಮಜ್ಜಿ ಹೇಳ್ತಿದ್ದಳು. ಅಜ್ಜಿಗೆ ಬಾರೋಮೀಟರ್ ಗೊತ್ತಿರಲಿಲ್ಲ.

ಇದೆಲ್ಲಾ ನನಗೆ ಹೇಳಿಕೊಟ್ಟವನು ನನ್ನ ಹಾಸ್ಟೆಲ್ ಗೆಳೆಯ. ಒಂದೇ ತಟ್ಟೆಯಲ್ಲಿ ಮುದ್ದೆ ತಿಂದವರು ನಾವು. ಈಗ ಅವನು ಇಂಗ್ಲೆಂಡಿನಲ್ಲಿದ್ದಾನೆ. ಹಳೇ ಫ್ಯಾಕ್ಟರಿ, ಹಳೇ ಕಸದ ಜಾಗಗಳಲ್ಲಿ ಮನೆ ಕಟ್ಟುವಾಗ ನೆಲದಡಿಯ ಗ್ಯಾಸ್ ತಡೆಯೋ ವ್ಯವಸ್ಥೆ ಸರಿಯಾಗಿದೆಯಾ ಅಂತ ನೋಡೋದೇ ಅವನ ಕೆಲಸ. "ಅದಕ್ಕೂ ಒಂದು ನೌಕರಿನಾ ಮಾರಾಯ?" ಅಂತ ನಾನು ನಕ್ಕಿದ್ದೆ. ಈಗ ನಗು ಬರಲ್ಲ.

ಆ ವ್ಯವಸ್ಥೆಯಲ್ಲಿ ಇರೋದು ಎರಡು ವಿಷಯ. ತಳದಲ್ಲಿ ಜಲ್ಲಿ ಹಾಸು, ಅದರೊಳಗೆ ತೂತಿನ ಪೈಪು, ಆ ಪೈಪಿನ ಮೂಲಕ ಗ್ಯಾಸ್ ಮನೆ ಹೊರಗೆ ಹೋಗಬೇಕು. ಅದರ ಮೇಲೆ ಗ್ಯಾಸ್ ತಡೆಯೋ ಶೀಟು, ಶೀಟಿನ ಮೇಲೆ ಕಾಂಕ್ರೀಟು. ತೇವ ತಡೆಯೋ ಪ್ಲಾಸ್ಟಿಕ್ ಬೇರೆ, ಗ್ಯಾಸ್ ತಡೆಯೋ ಶೀಟು ಬೇರೆ. ಜೋಡಣೆಯನ್ನ ಬಿಸಿ ಮಾಡಿ ಬೆಸೀಬೇಕು, ಒಂದರ ಮೇಲೊಂದು ಹಾಸಿ ಬಿಟ್ಟರೆ ಆಗಲ್ಲ. ಸಂಡಾಸಿನ ಪೈಪು, ನೀರಿನ ಪೈಪು ಶೀಟು ತೂರಿ ಬರೋ ಕಡೆಯೆಲ್ಲಾ ಸುತ್ತ ಪಟ್ಟಿ ಬಿಗೀಬೇಕು. ನನ್ನ ಗೆಳೆಯ ಮೊಣಕಾಲೂರಿ ಒಂದೊಂದು ಜೋಡಣೆಗೂ ಗಾಳಿ ಊದಿ ನೋಡ್ತಾನಂತೆ, ಎಲ್ಲಾದ್ರೂ ಅಲುಗುತ್ತಾ ಅಂತ. ಕೆಲವು ಕಡೆ ಶೀಟಿನ ಅಡಿಗೆ ಹೊಗೆ ಬಿಟ್ಟು ಎಲ್ಲಿ ಬರುತ್ತೆ ನೋಡ್ತಾರೆ. ತೂತು ಸಿಕ್ಕರೆ ತೇಪೆ, ತೇಪೆಗೆ ಮತ್ತೆ ಪರೀಕ್ಷೆ, ಎಲ್ಲಕ್ಕೂ ಫೋಟೋ, ಸಹಿ. ಆಮೇಲೆನೇ ಕಾಂಕ್ರೀಟು. ಈ ತಪಾಸಣೆ ಹೇಗೆ ಮಾಡಬೇಕು ಅಂತ 2014ರಲ್ಲಿ ಅಲ್ಲಿ ಸಿರಿಯಾ ಅನ್ನೋ ಸಂಸ್ಥೆ ಸಿ735 ಅಂತ ಒಂದು ಪುಸ್ತಕವನ್ನೇ ತಂದಿದೆ. ಹಾಸಿದವನೇ ನೋಡಿ ಸರಿಯಿದೆ ಅಂದರೆ ನಡೆಯಲ್ಲ, ಬೇರೆಯವರು ನೋಡಬೇಕು ಅನ್ನೋದು ಇಡೀ ಕೆಲಸದ ಜೀವ. ಯಾಕಂದ್ರೆ ಕಾಂಕ್ರೀಟ್ ಬಿದ್ದ ಮೇಲೆ ಆ ಶೀಟನ್ನ ನೋಡೋಕೆ ದೇವರಿಗೂ ಆಗಲ್ಲ. (ಇದ್ದರೆ.)

ಹೋದ ವಾರ ಮೂರನೇ ಬ್ಲಾಕ್ ನೋಡೋಕೆ ಹೋದೆ. ಎರಡು ಬ್ಲಾಕ್‌ಗೆ ಆಗಲೇ ನೆಲ ಹಾಕಿ ಗೋಡೆ ಎಬ್ಬಿಸಿದ್ದಾರೆ. ಮೂರನೆಯದರಲ್ಲಿ ಶೀಟು ಇನ್ನೂ ಕಾಣ್ತಿತ್ತು. ಕೆರೆ ಹೊಂಡಕ್ಕೂ ಹಾಸದಷ್ಟು ತೆಳ್ಳಗಿನ ಕರೀ ಪ್ಲಾಸ್ಟಿಕ್. ಎರಡು ಶೀಟು ಸೇರೋ ಕಡೆ ಗೇಣುದ್ದ ಒಂದರ ಮೇಲೊಂದು ಬಿದ್ದಿದೆ, ಬೆಸುಗೆ ಇಲ್ಲ, ಗಮ್ ಟೇಪು ಕೂಡ ಇಲ್ಲ. ಸಂಡಾಸಿನ ಪೈಪಿಗೆ ಬ್ಲೇಡಿನಲ್ಲಿ ನಕ್ಷತ್ರದ ತರ ಹರಿದಿದ್ದಾರೆ, ನನ್ನ ನಾಲ್ಕು ಬೆರಳು ಒಳಗೆ ಹೋದವು. ಮೇಲೆಲ್ಲಾ ಬೈಂಡಿಂಗ್ ವೈರಿನ ತುಂಡು, ಕಾಲಿಟ್ಟಲ್ಲೆಲ್ಲಾ ಚುಚ್ಚಿದೆ. ಕಂಬಿ ಕಟ್ಟೋ ಹುಡುಗರು ರಾಯಚೂರು ಕಡೆಯವರು, ನಮ್ಮವರೇ. ಅವರನ್ನ ಬೈಯಲ್ಲ, ಅವರಿಗೆ ಹೇಳಿದವರೇ ಇಲ್ಲ. ಗ್ಯಾಸ್ ಪೈಪು? ಡ್ರಾಯಿಂಗಿನಲ್ಲಿ ತಾರಸಿವರೆಗೂ ಹೋಗಿದೆ. ಸೈಟಿನಲ್ಲಿ ಮೊಣಕಾಲೆತ್ತರಕ್ಕೆ ನಿಂತು, ಬಾಯಿಗೆ ಸಿಮೆಂಟ್ ಚೀಲ ತುರುಕಿಸಿಕೊಂಡಿದೆ.

ಜೆಇ ಸಾಹೇಬರನ್ನ ಕೇಳಿದೆ. "ಸರ್, ಇದನ್ನ ಯಾರು ಚೆಕ್ ಮಾಡಿದ್ರು?"

"ಎಂಬಿ ಬುಕ್ ಬರೆದಾಗಿದೆ ರೀ."

ಎಂಬಿ ಬುಕ್ಕಲ್ಲಿ ಏನಿದೆ? ಶೀಟು ಇಷ್ಟು ಚದರ ಮೀಟರ್. ಚದರ ಮೀಟರ್‌ಗೆ ಬಿಲ್ ಆಗಿದೆ. ತೂತಿಗೆ ಕಾಲಂ ಇಲ್ಲ.

ಜಾಸ್ತಿ ಕೇಳಿದ್ದಕ್ಕೆ "ನೀವು ಹೋರಾಟ ಮಾಡೋರು, ಟೆಕ್ನಿಕಲ್ ವಿಷಯ ನಮಗೆ ಬಿಡಿ" ಅಂದರು. ಸಾಹೇಬ್ರೆ, 1942ರಿಂದ 46ರವರೆಗೆ ವೈಸರಾಯ್ ಕೌನ್ಸಿಲ್‌ನಲ್ಲಿ ಕೂತು ದಾಮೋದರ ಕಣಿವೆಯ ಅಣೆಕಟ್ಟು, ವಿದ್ಯುತ್ತಿನ ಯೋಜನೆಗೆ ಬುನಾದಿ ಹಾಕಿದವರು ಬಾಬಾಸಾಹೇಬರು. ಟೆಕ್ನಿಕಲ್ ವಿಷಯ ನಮಗೇನು ಹೊಸದಲ್ಲ.

ಆದರೆ ನನಗೆ ಹೆಚ್ಚು ನೋವಾಗಿದ್ದು ಜೆಇ ಮಾತಿನಿಂದ ಅಲ್ಲ. ಅವತ್ತು ಸಂಜೆ ನಮ್ಮ ಹಿರಿಯ ನಾಯಕರೊಬ್ಬರು ಫೋನ್ ಮಾಡಿದ್ರು. ಅವರ ಭಾಷಣ ಕೇಳೇ ನಾನು ಚಳವಳಿಗೆ ಬಂದವನು. "ತಮ್ಮಾ, ಗುಡಿಸಲಲ್ಲಿದ್ದ ಜನಕ್ಕೆ ಆರ್‌ಸಿಸಿ ಮನೆ ಸಿಕ್ತಾ ಇದೆ. ನೀನು ಗ್ಯಾಸು ಗೀಸು ಅಂತ ಕೂತರೆ ಪ್ರಾಜೆಕ್ಟೇ ನಿಲ್ಲುತ್ತೆ. ಆಗ ಜನ ನಿನ್ನ ಮುಖಕ್ಕೆ ಉಗೀತಾರೆ" ಅಂದ್ರು.

ಅಣ್ಣಾ, ನಿಮ್ಮ ಮೇಲೆ ಗೌರವ ಇಟ್ಟುಕೊಂಡೇ ಹೇಳ್ತೀನಿ. ಗುಡಿಸಲಿನ ಸಂದಿಯಲ್ಲಿ ಗಾಳಿಯಾದರೂ ಆಡ್ತಿತ್ತು. ಗ್ಯಾಸಿನ ಮೇಲೆ ಕಟ್ಟಿದ ಆರ್‌ಸಿಸಿ ಮನೆ ಅಂದರೆ ಮುಚ್ಚಳ ಹಾಕಿದ ಡಬ್ಬಿ. ಚಳಿಗಾಲದಲ್ಲಿ ಕಿಟಕಿ ಮುಚ್ಚಿ, ಮಕ್ಕಳನ್ನ ಮಲಗಿಸಿ, ಬೆಳಗ್ಗೆ ಒಲೆ ಹಚ್ಚೋದು ಯಾರು? ನಮ್ಮ ಹೆಣ್ಣುಮಕ್ಕಳು. "ಸಿಕ್ಕಿದ್ದು ತಗೋ, ಪ್ರಶ್ನೆ ಕೇಳಬೇಡ" ಅನ್ನೋದು ಯಾರ ಭಾಷೆ ಅಂತ ನಿಮಗೇ ಗೊತ್ತು. ಅದು ನಿಮ್ಮ ಬಾಯಲ್ಲಿ ಬಂದಿದ್ದಕ್ಕೆ ನನಗೆ ನಿದ್ದೆ ಬರಲಿಲ್ಲ.

ಅಮೆರಿಕದ ನ್ಯೂ ಆರ್ಲಿಯನ್ಸ್‌ನಲ್ಲಿ ಗಾರ್ಡನ್ ಪ್ಲಾಜಾ ಅಂತ ಒಂದು ಬಡಾವಣೆ ಇದೆ. 1909ರಿಂದ ಊರಿನ ಕಸ ಸುರಿದ ಗುಂಡಿ ಮೇಲೆ ಮನೆ ಕಟ್ಟಿ ಕಪ್ಪುಜನರಿಗೆ ಮಾರಿದರು. ಸ್ವಂತ ಮನೆ ಅಂತ ಅವರೂ ಕುಣಿದಾಡಿದರು. 1994ರಲ್ಲಿ ಸರ್ಕಾರವೇ ಅದನ್ನ ವಿಷದ ಜಾಗಗಳ ಪಟ್ಟಿಗೆ ಸೇರಿಸಿತು. ಪರಿಹಾರ ಅಂತ ಅಂಗಳದ ಎರಡಡಿ ಮಣ್ಣು ತೆಗೆದು, ಬಟ್ಟೆ ಹಾಸಿ, ಹೊಸ ಮಣ್ಣು ಹಾಕಿದರು. ಮನೆಯಡಿಯ ಕಸ ಅಲ್ಲೇ ಉಳೀತು. ಅವರನ್ನ ಬೇರೆಡೆಗೆ ಕಳಿಸೋಕೆ ನಗರಸಭೆ ಹಣ ಇಟ್ಟಿದ್ದು 2022ರಲ್ಲಿ. ಅಷ್ಟರಲ್ಲಿ ಎಷ್ಟೋ ಮಂದಿ ಮುದುಕರಾಗಿದ್ರು, ಎಷ್ಟೋ ಮಂದಿ ಸತ್ತಿದ್ರು. ಅವರದು ಗ್ಯಾಸಿಗಿಂತ ಹೆಚ್ಚಾಗಿ ಸೀಸ, ಆರ್ಸೆನಿಕ್ಕಿನ ಕಥೆ. ಆದರೆ ಆ ಜಾಗ ಯಾರಿಗೆ ಕೊಟ್ಟರು ಅನ್ನೋ ಕಥೆ ನಮ್ಮದೇ.

ಮನೆ ನಿಲ್ಲಿಸಿ ಅಂತ ನಾನು ಹೇಳ್ತಿಲ್ಲ. ಬೇರೆ ಜಾಗ ಕೊಟ್ಟರೆ ಇವತ್ತೇ ಹೋಗ್ತೀವಿ, ಊರ ನಡುವೆ ಸರ್ಕಾರಿ ಜಾಗ ಬೇಕಾದಷ್ಟಿದೆ. ಕೊಡಲ್ಲ ಅಂದರೆ ಮೂರನೇ ಬ್ಲಾಕಿನ ಶೀಟು ಕಿತ್ತು ಸರಿಯಾದ್ದು ಹಾಸಿ, ಬೆಸೆಯಿರಿ. ಕಂಟ್ರಾಕ್ಟರ್‌ನ ಸಂಬಳದಲ್ಲಿ ಇಲ್ಲದ ಎಂಜಿನಿಯರ್ ಬಂದು ನೋಡಲಿ, ಜೊತೆಗೆ ಆ ಮನೆಗೆ ಹೋಗಬೇಕಾದ ಇಬ್ಬರು ಹೆಣ್ಣುಮಕ್ಕಳು ನಿಂತಿರಲಿ. ಫೋಟೋ ನಮಗೆ ಕೊಡಿ. ಒಂದು, ಎರಡನೇ ಬ್ಲಾಕಿನ ಪ್ರತಿ ಕೋಣೆಯಲ್ಲಿ, ಸಂಡಾಸಿನ ಪೈಪಿನ ಬುಡದಲ್ಲಿ, ಗ್ಯಾಸ್ ಮೀಟರ್ ಇಟ್ಟು ಅಳೆಯಿರಿ. ಒಂದು ದಿನ ಅಳೆದು ಸೊನ್ನೆ ಅಂತ ಬರೀಬೇಡಿ. ಮೋಡ ಮುಚ್ಚಿ ಒತ್ತಡ ಬಿದ್ದ ದಿನವೂ ಅಳೀಬೇಕು. ಪೈಪಿನ ಬಾಯಿಂದ ಆ ಸಿಮೆಂಟ್ ಚೀಲ ತೆಗೆಯೋಕಂತೂ ಯಾವ ಟೆಂಡರೂ ಬೇಡ.

ಈ ದಾಖಲೆ ಕೈಗೆ ಬರೋವರೆಗೆ ಯಾರೂ ಕೀಲಿ ತಗೋಬೇಡಿ, ಹಕ್ಕುಪತ್ರಕ್ಕೆ ಮಾತ್ರ ಸಹಿ ಹಾಕಿ. ಆರ್‌ಟಿಐ ಅರ್ಜಿ ನಿನ್ನೆ ಹಾಕಿದ್ದೀನಿ.

ಸೋಮವಾರ ಬೆಳಗ್ಗೆ ಮೂರನೇ ಬ್ಲಾಕಿಗೆ ಕಾಂಕ್ರೀಟ್ ಅಂತೆ, ಮಿಕ್ಸರ್ ಲಾರಿ ಎಂಟಕ್ಕೆ ಬರುತ್ತೆ. ನಾವು ಏಳಕ್ಕೇ ಆ ಶೀಟಿನ ಪಕ್ಕ ಕೂತಿರ್ತೀವಿ. ಹತ್ತಿರದವರು ಬನ್ನಿ. ಯಾರೂ ಬೀಡಿ ಹಚ್ಚಬೇಡಿ.

ಜೈ ಭೀಮ್.