ಆಗುಂಬೆಗೆ ಕೆಳಗಿನಿಂದ ಬನ್ನಿ

ನನ್ನ ಹಳೆಯ ವಿದ್ಯಾರ್ಥಿಗಳು ಕೆಲವರು ಆಗುಂಬೆಗೆ ಸೈಕಲ್ ಪ್ರವಾಸ ಹೊರಟಿರುವುದನ್ನು ತಿಳಿದು ಸಂತೋಷವಾಯಿತು. ಆದರೆ ಸೈಕಲ್ಲುಗಳನ್ನು ವ್ಯಾನಿನಲ್ಲಿ ಘಟ್ಟದ ಮೇಲಕ್ಕೆ ಸಾಗಿಸಿ, ಅಲ್ಲಿಂದ ಸೋಮೇಶ್ವರಕ್ಕೆ ಇಳಿಯುವ ಅವರ ಯೋಜನೆಗೆ ನನ್ನ ಒಪ್ಪಿಗೆಯಿಲ್ಲ. ಅದೂ ಆಷಾಢದ ಮಳೆಯಲ್ಲಿ!

14 ಹೇರ್‌ಪಿನ್ ತಿರುವುಗಳ ಆ ಇಳಿಜಾರಿನಲ್ಲಿ ಕಣ್ಣು ರಸ್ತೆಯನ್ನು ಬಿಟ್ಟು ಕದಲುವಂತಿಲ್ಲ. ರಿಮ್ ನೆನೆದಿದ್ದರೆ ಬ್ರೇಕಿನ ರಬ್ಬರು ಮೊದಲು ನೀರನ್ನು ಒರೆಸಬೇಕು, ಆಮೇಲಷ್ಟೇ ಹಿಡಿತ. ಅಷ್ಟರಲ್ಲಿ ತಿರುವು ಬಂದಿರುತ್ತದೆ, ಎದುರಿನಿಂದ ಬಸ್ಸೂ ಬಂದಿರಬಹುದು. ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಮಿಗಿಲಾಗಿ ಮಳೆ ಸುರಿಯುವ ಊರದು. ಮಳೆಗಾಲದಲ್ಲಿ ಭಾರಿ ವಾಹನಗಳನ್ನೇ ಅಲ್ಲಿ ತಡೆದ ವರ್ಷಗಳುಂಟು.

ಉಡುಪಿಯಿಂದ ಹೊರಡಿ. ದಾರಿ ಸುಮಾರು 55 ಕಿ.ಮೀ. ಕರಾವಳಿಯೆಂದರೆ ಸಪಾಟು ನೆಲವೆಂಬುದು ಘಟ್ಟದ ಮೇಲಿನವರ ಭ್ರಮೆ. ಮಣಿಪಾಲದ ಗುಡ್ಡವೇ ಮೊದಲ ಪರೀಕ್ಷೆ. ಹಿರಿಯಡ್ಕ, ಪೆರ್ಡೂರು ದಾಟಿ ಹೆಬ್ರಿಯವರೆಗೂ ಏರಿಳಿತ ತಪ್ಪದು. ನಿಜವಾದ ಏರು ಸೋಮೇಶ್ವರದಿಂದ ಮುಂದೆ. ಅಲ್ಲಿ ನಡಿಗೆಯ ವೇಗಕ್ಕಿಳಿದ ಸವಾರನಿಗೆ ಮಾತ್ರ ಮಳೆಕಾಡು ತನ್ನನ್ನು ತೋರಿಸಿಕೊಳ್ಳುತ್ತದೆ: ಕೊಳೆತ ತರಗೆಲೆಯ ವಾಸನೆ, ಜೀರುಂಡೆಗಳ ಮೊರೆತ, ಅದೃಷ್ಟವಿದ್ದರೆ ಒಂದು ಸಿಂಗಳೀಕ. ಉಸಿರು ಸಾಲದಿದ್ದರೆ ಇಳಿದು ತಳ್ಳಿರಿ, ಅದರಲ್ಲಿ ಅವಮಾನವೇನಿದೆ?

ಡಿಸೆಂಬರಿನಲ್ಲಿ ಹೋದರೆ ಇಂಬಳಗಳ ಕಾಟವೂ ಕಡಿಮೆ. ಘಾಟಿಯ ತುದಿಯಲ್ಲಿ ಸೂರ್ಯಾಸ್ತ ನೋಡಿ, ರಾತ್ರಿ ಆಗುಂಬೆಯಲ್ಲೇ ತಂಗಿರಿ. ಮರುದಿನ ಸೈಕಲ್ಲುಗಳನ್ನು ವ್ಯಾನಿಗೇರಿಸಿ ಕೆಳಗಿಳಿಯಿರಿ. ಗೊತ್ತುಮಾಡಿದ ವ್ಯಾನಿನ ಬಾಡಿಗೆಯೂ ದಂಡವಾಗದು.